ಐವತ್ತಾರು ಲಕ್ಷ ಸ್ಲೀಪರ್

ವಾಡಿಯಿಂದ ನಾಲವಾರ ಕಡೆ
ಎಂಟು ಕಿಲೋಮೀಟರ್ ನನ್ನ ಪಾಲಿಗೆ ಬಂದ ಭೂಮಿ.
ಕಿಲೋಮೀಟರಿಗೆ ಸಾವಿರದ ಆರನೂರ ಅರವತ್ತು ಸ್ಲೀಪರ್,
ಬೇಕಾದವ್ರು ಬಂದು ಎಣಿಸಬಹುದು.
ಹನ್ನೆರಡು ವರ್ಷ ಆತು, ನನಗ ದೂರ ಅಂದ್ರ ಇದೇ:
ಹೆಗಲ ಮ್ಯಾಲ ಸುತ್ತಿಗಿ, ಕೈಯಾಗ ಪಾನಾ,
ಅಂಗಾಲು ಹೇಳಿದ ಲೆಕ್ಕ.

ಎಸ್ತೇರ ಟಿಕೇಟ್ ತಂದ ದಿನ
ಮಗಳು ಮೊಬೈಲಿನಾಗ ಒತ್ತಿ ಓದಿದಳು:
ಹೈದರಾಬಾದಿನಿಂದ ರಿಯಾದ್
ಮೂರು ಸಾವಿರದ ಮುನ್ನೂರ ಎಪ್ಪತ್ತರ ಆಸುಪಾಸು,
ಐದು ತಾಸಿನ ಹಾದಿ.
ಐದೇ ತಾಸಾ? ಅಂದೆ.
ಇಲ್ಲಿಂದ ಹೈದರಾಬಾದಿಗೇ
ಪ್ಯಾಸೆಂಜರ್ ಗಾಡಿ ಅಷ್ಟು ತಗೋತದ,
ಅದೂ ತಾಂಡೂರದಾಗ ಕ್ರಾಸಿಂಗಿಗೆ ನಿಲ್ಲಸಲಿಲ್ಲಂದ್ರ.

ರಾತ್ರಿ ಹಾಳಿ ತಗೊಂಡು ಗುಣಿಸಿದೆ.
ಐವತ್ತಾರು ಲಕ್ಷ ಸ್ಲೀಪರ್.
ದಿನಕ್ಕ ಎಂಟು ಕಿಲೋಮೀಟರಿನಂಗ ನಡದ್ರ
ಒಂದು ವರ್ಷ ಎರಡು ತಿಂಗಳು,
ರಜಾ ಹಿಡೀಲಾರದ,
ನಡುವಿನ ಸಮುದ್ರ ಹಿಡೀಲಾರದ.
ಆಕಿಯ ಕರಾರು ಎರಡು ವರ್ಷ.
ನೀ ತಿರುಗಿ ಬರೂದ್ರಾಗ ನಾನೇ ನಡಕೋತ ಬಂದು ಮುಟ್ಟತೀನಿ ಅಂದೆ.
ಆಕಿ ಸೀರಿ ಮಡಚೂದು ಬಿಟ್ಟು ನಕ್ಕಳು,
ಆಮ್ಯಾಲ ಮಡಚಿದ್ದನ್ನೇ ಮತ್ತ ಬಿಚ್ಚಿ ಮಡಚಿದಳು.

ಹುಮನಾಬಾದ ಕಡೆಯಾಕಿ,
ಮಿಷನ್ ದವಾಖಾನಿಯಾಗ ಕೆಲಸ ಕಲತಾಕಿ.
ಆಕಿ ಸೂಜಿ ಚುಚ್ಚಿದ್ದು ಕೂಸಿಗೂ ತಿಳಿಯೂದಿಲ್ಲ,
ಅಷ್ಟು ಹಗುರ ಕೈ.
ಹೋಗೂದನ್ನೂ ಹಂಗೇ ಹೋದಳು.
ಅರಳಿ ಒತ್ತಿ ಹಿಡೀರಿ, ಎರಡು ನಿಮಿಷ, ಅಂದಂಗ.

ಸೇಡಂ ದಾಟಿ ಫೋನ್ ಮಾಡಿದಳು.
ತಾಂಡೂರ ದಾಟಿ ಮಾಡಿದಳು.
ವಿಮಾನದ ಅಡ್ಡೆಯೊಳಗ ಕೂತು ಮಾಡಿದಳು:
ನೀರಿನ ಬಾಟ್ಲಿ ಚೆಲ್ಲಿಸಿದ್ರು,
ರೊಟ್ಟಿ ಗಂಟಿಗೆ ಏನೂ ಅನಲಿಲ್ಲ,
ಶೇಂಗಾ ಹಿಂಡಿ ಮಾತ್ರ ಎರಡು ಸಲ ಮೂಸಿ ನೋಡಿದ್ರು.

ನನಗ ಅವತ್ತು ರಾತ್ರಿ ಗಸ್ತು.
ಜನವರಿ ಥಂಡಿಗೆ ಹಳಿ ಕುಗ್ಗತದ,
ಬೆಸಗಿ ಬಿಡತದ,
ಕಿರುಬೆರಳು ಹೋಗುವಷ್ಟು ಸಂದು ಬೀಳತದ.
ಅದನ್ನ ಹುಡುಕಿಕೋತ ನಡಿಯೂದೇ ನೌಕರಿ.

ಮಗಳು ನಕಾಶಿ ನೋಡಿ ಹೇಳಿದ್ದಳು:
ಅಪ್ಪಾ, ವಿಮಾನ ಎದ್ದು ಪಡುವಣಕ್ಕ ತಿರುಗತದ,
ನಮ್ಮ ಕಡೆಯಿಂದೇ ಹಾಯತದ,
ಹೆಚ್ಚಂದ್ರ ಇಪ್ಪತ್ತು ಮಿನಿಟು.
ಅಂದ್ರ,
ಮುಂಜಾನಿ ಐದು ತಾಸು ಗಾಡಿಯಾಗ ಕೂತು ದೂರಾದಾಕಿ
ಇಪ್ಪತ್ತು ಮಿನಿಟಿನಾಗ ತಿರುಗಿ ನಮ್ಮ ನೆತ್ತಿ ಮ್ಯಾಲೇ ಬರತಾಳ.
ಇಳಿಯೂದಿಲ್ಲ, ಅಷ್ಟೇ.

ಹತ್ತೂ ನಲವತ್ತಕ್ಕ ಬಂತು, ಒಂದು ಮಿಣುಕು,
ಸಿಮೆಂಟ್ ಫ್ಯಾಕ್ಟರಿ ಹೊಗಿ ಹಿಂದಿನಿಂದ.
ಅಲ್ಲಿ ಕಿಲೋಮೀಟರ್ ಕಲ್ಲಿಲ್ಲ,
ಗೇಟಿಲ್ಲ, ಗೇಟಿನಾಗ ಬೀಡಿ ಕೊಡವನಿಲ್ಲ,
ಸಂದು ಬಿಟ್ಟರ ಯಾರು ನೋಡತಾರೋ.
ಹಾಯುವ ಗಾಡಿಗೆ ಹಸರು ತೋರಸಬೇಕು, ಕಾನೂನು.
ಕೈ ನನ್ನ ಕೇಳಲಿಲ್ಲ, ಎತ್ತಿ ತೋರಿಸಿತು:
ಎಲ್ಲಾ ಸರಿ ಅದ. ಹೋಗು.
ಹಿಂದಿನಿಂದ ಗೂಡ್ಸ್ ಬಂದು ಒದರಿತು,
ಕಲ್ಲಿನ ಮ್ಯಾಲ ಹಾರಿ ಬಿದ್ದೆ, ಮೊಣಕಾಲು ಸುಲೀತು.

ಮೂರು ತಿಂಗಳಿಗೆ, ಮಾತಿಗೆ ಮಾತು ಬಂದು, ಕೇಳಿದೆ.
ಆಕಿಗೆ ನಡುವಿನ ಸೀಟು ಸಿಕ್ಕಿತ್ತಂತ,
ಕಿಟಕಿಯಾಂವ ಪರದೆ ಎಳದು ಗೊರಕಿ ಹೊಡದಿದ್ದನಂತ.
ಮ್ಯಾಲ ವಿಮಾನ ಒಂದೂವರಿ ತಾಸು ತಡಾ.
ಹಂಗಾರ ಹತ್ತೂ ನಲವತ್ತಕ್ಕ ಹೋದವರು ಯಾರೋ.
ಇರಲಿ, ಅವರ ಹಾದೀನೂ ಸರಿ ಇತ್ತು.

ನನ್ನಲ್ಲಿ ಹನ್ನೊಂದು ಬಡದ್ರ ಆಕಿಗೆ ಎಂಟೂವರಿ.
ಗ್ಯಾಸ್ ಬಂತಾ, ಅಂತಾಳ.
ಬಂತು, ಅಂತೀನಿ.
ಆಮ್ಯಾಲ ಇಬ್ಬರೂ ಸುಮ್ಮನ ಫೋನ್ ಹಿಡದು ನಿಲ್ಲತೀವಿ,
ಕ್ರಾಸಿಂಗಿಗೆ ನಿಂತ ಗಾಡಿಯಂಗ.

ಇವತ್ತಿಗೆ ಏಳನೂರ ಇಪ್ಪತ್ತು ಕಿಲೋಮೀಟರ್ ನಡದೀನಿ.
ಹೈದರಾಬಾದಿನಿಂದ ಹಿಡದ್ರ, ಮಗಳ ನಕಾಶಿ ಪ್ರಕಾರ
ನನ್ನ ಕಾಲು ಆಗಲೇ ಸಮುದ್ರದಾಗ ಅದಾವ.
ಬಗ್ಗಿ ಬೂಟು ನೋಡಿದೆ.
ಸಿಮೆಂಟ್ ಧೂಳು.